ಮೂರನೇ ಕಂಪ್ಯೂಟರು

ಬೀಗ ಹಾಕಿಸಿಕೊಡಿ ಅಂತ ಅರ್ಜಿ ಬರೆದವಳು ನಾನೇ.
ಶಿಡ್ಲಘಟ್ಟದ ಈ ಲೈಬ್ರರಿಯಲ್ಲಿ, ಹೋದ ಆಷಾಢ,
ಗೋಡೆ ಬದಿಯ ಮೂರನೇ ಕಂಪ್ಯೂಟರಿನಲ್ಲಿ
ಯಾರೋ ನೋಡುತ್ತಿದ್ದದ್ದನ್ನು ಹಾಗೇ ಬಿಟ್ಟು ಎದ್ದುಹೋಗಿದ್ದರು;
ಎದುರಿಗೆ ಗಂಗುಲಪ್ಪನ ಮೊಮ್ಮಗ, ಎಂಟು ವರ್ಷ,
ಬಾಯಿಗಿಟ್ಟ ಪೆನ್ಸಿಲು ಬಾಯಲ್ಲೇ.
ಸ್ವಿಚ್ಚು ಎಲ್ಲಿದೆಯೆಂಬುದೇ ಕೈಗೆ ಮರೆತು
ಸೆರಗನ್ನೇ ಪರದೆಗೆ ಹೊದಿಸಿ ನಿಂತೆ.

ಚಿಕ್ಕಬಳ್ಳಾಪುರದಿಂದ ಹುಡುಗ ಬಂದ, ಬೀಗ ಹಾಕಿದ,
ತೆಗೆಯುವ ಗುಟ್ಟಿನ ಪದ ಚೀಟಿಯಲ್ಲಿ ಬರೆದುಕೊಟ್ಟ.
ಬೀರುವಿನ ಕೀ ಗೊಂಚಲಿಗೆ ಅದನ್ನೂ ಕಟ್ಟಿಕೊಂಡೆ.
ಸುಳ್ಳೇಕೆ, ಆ ರಾತ್ರಿ ಒಳ್ಳೆಯ ನಿದ್ದೆ ಬಂತು.

ವಾರದೊಳಗೆ ಮುಬೀನಾ ಬಂದಳು,
ನೂಲು ಬಿಚ್ಚುವ ಬಾಬುಜಾನನ ಮಗಳು,
ಜಡೆಯಲ್ಲಿ ಬೆಂದ ಗೂಡಿನ ವಾಸನೆ.
"ಮೇಡಂ, ಹೆಣ್ಣು ಚಿಟ್ಟೆ ಗಂಡು ಚಿಟ್ಟೆ
ಎಷ್ಟು ಹೊತ್ತು ಕೂಡಿರಬೇಕು ಅಂತ ಕೇಳಿದರೆ
ನೋಡತಕ್ಕದ್ದಲ್ಲ ಅನ್ನತ್ತೆ ಇದು.
ನಾಳೆ ಪ್ರಾಜೆಕ್ಟ್ ಕೊಡಬೇಕು!"
ಊರಿಗೂರೇ ಬಲ್ಲ ಸಂಗತಿ: ಬಿತ್ತನೆ ಕೋಠಿಯಲ್ಲಿ
ಎಲೆಅಡಿಕೆ ಜಗಿಯುತ್ತ, ಯಾರದೋ ಮದುವೆ ಮಾತಾಡುತ್ತ
ಅಜ್ಜಿಯರೇ ಜೋಡಿ ಬಿಡಿಸುತ್ತಾರೆ.
ಇಬ್ಬರೂ ನಕ್ಕೆವು. ಚೀಟಿ ಬಿಚ್ಚಿದೆ.

ಅಷ್ಟಕ್ಕೇ ಮುಗಿದಿದ್ದರೆ ಇದನ್ನು ಬರೆಯುತ್ತಿರಲಿಲ್ಲ.

ಇನ್ನೊಬ್ಬರು ಬಂದರು. ಹೆಸರು ರಿಜಿಸ್ಟರಿನಲ್ಲಿದೆ, ಹೇಳಲಾರೆ.
ನಡುವಯಸ್ಸು, ಅಂಗಿಗೆ ಗೂಡಿನ ಎಳೆ ಅಂಟಿತ್ತು.
ಒಂದೇ ಬೆರಳಲ್ಲಿ ಒಂದೊಂದೇ ಅಕ್ಷರ ಹುಡುಕಿ ಒತ್ತಿದರು.
ಪರದೆ ಕೆಂಪಾಯಿತು: ಗ್ರಂಥಪಾಲಕರನ್ನು ಸಂಪರ್ಕಿಸಿ.
ಗ್ರಂಥಪಾಲಕಿ ನಾನು, ನಾಲ್ಕು ಹೆಜ್ಜೆ ದೂರ, ಕೈಯಲ್ಲಿ ಗೊಂಚಲು.
ನನ್ನನ್ನು ನೋಡಿದರು. ಗೊಂಚಲನ್ನು ನೋಡಿದರು.
ಟವೆಲ್ಲಿನಿಂದ ಕೀಲಿಮಣೆ ಒರೆಸಿದರು,
ಬೆರಳಿನ ಗುರುತೂ ಉಳಿಯದ ಹಾಗೆ.
ಮರುದಿನ ಬಂದು ಪೇಪರು ಓದಿ ಹೋದರು.
ಮೂರನೆಯ ದಿನ ಬಾಗಿಲ ತನಕ.

ಏನು ಕೇಳಿದ್ದರು?
ಕೆಟ್ಟದ್ದೇ ಇರಬಹುದು, ಇರಲಿ.
ಹೆಂಡತಿಗೂ ಹೇಳಲಾಗದ ಜಾಗದ ನೋವಿರಬಹುದು.
ಕೇಳಿದರೆ ಕೊಡುತ್ತಿದ್ದೆ ಅನ್ನುತ್ತೇನೆ ನಾನು.
ಕೇಳಲಾಗದ್ದಕ್ಕೇ ಅಲ್ಲವೆ
ಅವರು ಮನುಷ್ಯರನ್ನು ಬಿಟ್ಟು ಯಂತ್ರದ ಹತ್ತಿರ ಬಂದದ್ದು?

ಎಳೆ ತುಂಡಾಗಬಾರದು ಅಂತ
ಹುಳುವನ್ನು ಗೂಡಿನೊಳಗೇ ಬೇಯಿಸುವ ಊರು ನಮ್ಮದು.
ತಪ್ಪೆನ್ನಲಾರೆ. ಅದರಲ್ಲೇ ಅನ್ನ,
ಹಬ್ಬಕ್ಕೆ ನಾನು ಉಡುವುದೂ ಅದನ್ನೇ.

ಮಕ್ಕಳ ಎರಡಕ್ಕೆ ಬೀಗ ಇದೆ, ಇರುತ್ತದೆ.
ಮೂರನೆಯದರ ಪರದೆ ಯಾರಿಗೂ ಕಾಣದಂತೆ
ಕುರ್ಚಿಯನ್ನು ಗೋಡೆಗೊತ್ತಿಸಿ, ಬೀಗ ತೆಗೆದಿದ್ದೇನೆ.
ಮೇಲಿನವರಿಗೆ ಹೇಳಿಲ್ಲ.
ಅವರು ಬಂದಿಲ್ಲ.
ಸಂಜೆ ದೀಪ ಆರಿಸಲು ಆ ಕಡೆ ಹೋದಾಗ
ಕೈ ಇನ್ನೂ ಸೆರಗಿಗೇ ಹೋಗುತ್ತದೆ.