ಐದು ಎಲ್ಲಿಗೆ ಹೋಯಿತು

ಕಿನ್ನಿಮೂಲ್ಕಿಯ ಶೋರೂಮಿನ ಗಾಜಿನಾಚೆ
ಏಳು ಪಿಕಪ್ಪುಗಳು, ಏಳೂ ಬಿಳಿ,
ಏಳರ ಕುತ್ತಿಗೆಗೂ ಮಾರ್ಚ್ ಮೂವತ್ತೊಂದರ ಕುಣಿಕೆ.
ಆ ರಾತ್ರಿ ದಾಟಿದರೆ ಭಾರತ್ ನಾಲ್ಕು ಮಾರುವ ಹಾಗಿಲ್ಲ,
ಬೆಳಗಾದರೆ ಆರು.
ನಲವತ್ತು ಸಾವಿರ ರಿಯಾಯಿತಿ, ಮೇಲೆ ಟಾರ್ಪಾಲು ಉಚಿತ
ಎಂದು ನಾನೇ ಬರೆದು ಅಂಟಿಸಿದ ಕಾಗದವನ್ನು
ಪುತ್ತುಮೋನು ಬೆರಳಿಟ್ಟು ಓದಿದರು,
ಮಲ್ಪೆಯ ಮಂಜುಗಡ್ಡೆಯ ನೀರು ಲುಂಗಿಯ ಅಂಚಿನಿಂದ
ನಮ್ಮ ಟೈಲ್ಸಿನ ಮೇಲೆ ತೊಟ್ಟಿಕ್ಕುತ್ತಿತ್ತು.

"ನಾಲ್ಕರ ಮೇಲೆ ಆರು. ಆಯ್ತು.
ಐದು ಎಲ್ಲಿಗೆ ಹೋಯಿತು ಮಾರ್ರೆ?"

ಟ್ರೈನಿಂಗಿನಲ್ಲಿ ಇದನ್ನು ಹೇಳಿಕೊಟ್ಟಿರಲಿಲ್ಲ.
ಗಂಧಕ, ಹೊಗೆಯ ಕಣ, ದಿಲ್ಲಿಯ ಆದೇಶ
ಬಾಯಿಪಾಠ ಒಪ್ಪಿಸಿದೆ.
ಅವರು ಟಯರಿಗೊಂದು ಮೆಲ್ಲಗೆ ಒದ್ದು
"ಬಂಗುಡೆ ಬರಲಿ, ನೋಡುವ" ಎಂದು ಹೋದರು.

ಬಂಗುಡೆ ಬರಲಿಲ್ಲ.
ಮೂವತ್ತೊಂದು ಬರುವ ಮೊದಲೇ ಊರಿಗೆ ಬೀಗ ಬಿತ್ತು.
ಬೀಗ ತೆಗೆದಾಗ ಮಳೆ,
ಬೋಟುಗಳನ್ನು ಕಟ್ಟಿಹಾಕುವ ಎರಡು ತಿಂಗಳು.
ಏಳರಲ್ಲಿ ಎರಡು ಹೇಗೋ ಯಾರದೋ ಹೆಸರಿಗೆ ದಾಟಿದವು.
ಉಳಿದದ್ದು ಐದು.
ಕಾಗೆಯ ಹಿಕ್ಕೆ ಹೊತ್ತು ಹಿತ್ತಲಲ್ಲಿ ನಿಂತವನ್ನು ಎಣಿಸುವಾಗ
ಪುತ್ತುಮೋನಿಗೆ ಫೋನು ಮಾಡಬೇಕೆನಿಸಿತು.
ಮಾಡಲಿಲ್ಲ.
ಒಂದು ರಾತ್ರಿ ಟ್ರೈಲರ್ ಬಂದು ಹೇರಿಕೊಂಡು ಹೋಯಿತು,
ಎಲ್ಲಿಗೆ ಎಂದು ನಾನೂ ಕೇಳಲಿಲ್ಲ.

ಆರು ಬಂತು, ಒಂದೂವರೆ ಲಕ್ಷ ಜಾಸ್ತಿ ಹೊತ್ತು.
ಮ್ಯಾನೇಜರ್ ಗ್ರೆಗರಿ ಬೋರ್ಡಿನ ಒಂಬತ್ತನ್ನು ಒರೆಸಿ
ಮೂರು ಬರೆದರು; ಮೂರರ ಹಿಂದೆ ಒಂಬತ್ತು
ಮಸುಕಾಗಿ ಕಾಣುತ್ತಲೇ ಇತ್ತು.
ಡೀಸೆಲ್ ದರ ಕೇಳಿದವರು ಸಿಎನ್‌ಜಿ ಕೇಳಿದರು,
ಸಿಎನ್‌ಜಿ ಪಂಪಿನ ಸಾಲು ನೋಡಿ ಹಿಂದೆ ಬಂದರು,
ಬಂದವರು ಚಹಾ ಕುಡಿದು ಹೋದರು.
ಚಹಾದ ಲೆಕ್ಕ ಮಾತ್ರ ಆ ವರ್ಷ ಟಾರ್ಗೆಟ್ ದಾಟಿತು.

ಹಳೆಯ ಗಾಡಿಗೆ ಹದಿನೈದು ತುಂಬಿ,
ಎಫ್‌ಸಿಗೆ ಹೋದಲ್ಲಿ ತಲೆಯಾಡಿಸಿ,
ಬೈಕಂಪಾಡಿಯ ಗುಜರಿಯವನು ಕಿಲೋ ಲೆಕ್ಕದಲ್ಲಿ ತೂಗಿದ ಮೇಲೆ
ಪುತ್ತುಮೋನು ಮತ್ತೆ ಬಂದರು, ಈ ಸಲ ಚೀಲದೊಂದಿಗೆ.
ಮುಂಗಡದ ನೋಟುಗಳು ಎಷ್ಟು ತೇವವೆಂದರೆ
ಕ್ಯಾಶಿಯರ್ ಶಕೀಲಾಳ ಯಂತ್ರ ಎಣಿಸಲು ಒಪ್ಪಲಿಲ್ಲ.
ಫ್ಯಾನಿನಡಿ ಹರಡಿ ಕೈಯಲ್ಲಿ ಎಣಿಸಿದೆವು.
ಎರಡು ದಿನ ಕೌಂಟರಿನಲ್ಲಿ ಬೂತಾಯಿಯ ವಾಸನೆ.

ಇಪ್ಪತ್ತು ದಿನಕ್ಕೆ ಹಳದಿ ದೀಪ ಹೊತ್ತಿತು.
ಮೆಕ್ಯಾನಿಕ್ ಸುಕೇಶ ಹೇಳಿದ:
"ಹೊಗೆಕೊಳವೆಯ ಡಬ್ಬದಲ್ಲಿ ಮಸಿ ಕೂತಿದೆ. ಬಿಸಿಗೆ ಸುಡಬೇಕು.
ಇಪ್ಪತ್ತು ನಿಮಿಷ, ಅರವತ್ತರ ಮೇಲೆ, ನಿಲ್ಲದೆ ಓಡಿಸಿ."
"ನಿಲ್ಲದೆ?"
ಕಟಪಾಡಿಯಲ್ಲಿ ಎಡಕ್ಕೆ ತಿರುಗಿ
ಕುರ್ಕಾಲಿನ ಪ್ರತಿ ಗೇಟಿಗೆ ಒಂದು ಹಾರ್ನು,
ಶಂಕರಪುರದಲ್ಲಿ ಮಲ್ಲಿಗೆ ಕಟ್ಟುವವರು
ಎಸಳಂಟಿದ ಕೈ ಒರೆಸಿ, ತಟ್ಟೆ ಹಿಡಿದು ಬರುವವರೆಗೆ
ಇಂಜಿನ್ ಆರಿಸದೆ ಕಾದು,
ಶಿರ್ವ ಮುಟ್ಟುವಾಗ ಹನ್ನೊಂದು.
"ಮೀನಿನ ಗಾಡಿ ನಿಲ್ಲದೆ ಓಡಿದರೆ
ಮೀನು ಯಾರಿಗೆ ಮಾರ್ರೆ?"

ಮಾರಿದವನು ನಾನು. ರಾತ್ರಿ ಹತ್ತಕ್ಕೆ ಪಕ್ಕದಲ್ಲಿ ಕೂತೆ.
ಹಿಂದೆ ಖಾಲಿ ಕ್ರೇಟುಗಳು ಒಂದಕ್ಕೊಂದು ಬಡಿದುಕೊಳ್ಳುತ್ತಿದ್ದವು.
ಹೆಜಮಾಡಿಯ ಟೋಲ್ ಬರುವ ಮೊದಲು ಆಗಬೇಕು,
ಅಲ್ಲಿ ನಿಂತರೆ ಮಾಡಿದ್ದೆಲ್ಲ ದಂಡ.
ಉದ್ಯಾವರದ ಸೇತುವೆ ಹೋಯಿತು.
ಕಟಪಾಡಿಯ ತಿರುವಿನಲ್ಲಿ ಅವರ ಬಲಗೈ
ತನ್ನಷ್ಟಕ್ಕೆ ಹಾರ್ನಿನ ಮೇಲೆ ಹೋಗಿ
ಅಲ್ಲೇ ಒಂದು ಕ್ಷಣ ಇದ್ದು ಹಿಂದೆ ಬಂತು.
ಕಾಪು. ಲೈಟ್‌ಹೌಸಿನ ಬೆಳಕು ತೆಂಗಿನ ತಲೆಗಳನ್ನು ಸವರಿತು.
ಇಪ್ಪತ್ತು ರೂಪಾಯಿಯ ಡೀಸೆಲ್, ಮೂವತ್ತರದ್ದು,
ಮೀನಿಲ್ಲ, ಗಿರಾಕಿಯಿಲ್ಲ,
ಮಸಿ ಸುಡುವುದಕ್ಕೆಂದೇ ಒಂದು ಪ್ರಯಾಣ.
ಇಬ್ಬರೂ ರಸ್ತೆ ನೋಡುವುದು ಬಿಟ್ಟು ದೀಪ ನೋಡುತ್ತಿದ್ದೆವು.

ಉಚ್ಚಿಲ ದಾಟುವಾಗ ಆರಿತು.

ಅವರು ಗಾಡಿ ಬದಿಗೆ ಹಾಕಿ ಇಳಿದು
ಹೊಗೆಕೊಳವೆಯ ಬಾಯಿ ಕೊಂಚ ತಣಿಯುವವರೆಗೆ
ಒಂದು ಬೀಡಿ ಸೇದಿ,
ತೋರುಬೆರಳನ್ನು ಒಳಗೆ ತಿರುಗಿಸಿ ಮೊಬೈಲಿನ ಬೆಳಕಿಗೆ ಹಿಡಿದರು.
ಮಸಿ ಇಲ್ಲ.
ಲುಂಗಿಗೆ ಒರೆಸಿದರು, ಆದರೂ, ಅಭ್ಯಾಸ.
"ಹಳೆಯದರ ಹಿಂದೆ ಬರುವ ಶಾಲೆಯ ಮಕ್ಕಳು
ಮೂಗು ಮುಚ್ಚುತ್ತಿದ್ದರು" ಎಂದರು,
ನನಗಲ್ಲ, ಗಾಡಿಗೆ.

ಈ ತಿಂಗಳು ಬೋರ್ಡಿನಲ್ಲಿ ನನ್ನ ಹೆಸರಿನ ಮುಂದೆ ಒಂದು.
ನಿನ್ನೆ ಸಂಜೆ ಫೋನು:
"ದೀಪ ಬಂತು ಮಾರ್ರೆ. ಊಟ ಆಯ್ತಾ? ಬರ್ತೀರಾ?"