ಇಳಿಜಾರು

ಎರಡು ವರ್ಷ ನಾನು ಊರುಗಳನ್ನು ನೋಡಿದ್ದು
ಇಳಿಜಾರಿನ ಲೆಕ್ಕದಲ್ಲಿ.
ಮುಳಬಾಗಿಲಿನಲ್ಲಿ ನರಸಿಂಹತೀರ್ಥದ ಹತ್ತಿರ ಒಂದು,
ಶ್ರೀನಿವಾಸಪುರದಲ್ಲಿ ಮಾವಿನ ಮಂಡಿ ದಾಟಿ ಇನ್ನೊಂದು.
ವಡ್ಡಹಳ್ಳಿ ಟೊಮೆಟೊ ಮಂಡಿ ಮಾತ್ರ ಅಂಗೈಯಷ್ಟು ಸಮ,
ಅಲ್ಲಿ ಇಂಜಿನ್ ಆರಿಸದೆಯೇ ಲೋಡು, ಆರಿಸದೆಯೇ ಊಟ.
ಉಳಿದ ಕಡೆ ಮೂತಿಯನ್ನು ಇಳಿಕೆಗೆ ತಿರುಗಿಸಿ,
ಗಾಲಿಗೆ ಕಲ್ಲು ಕೊಟ್ಟು ಮಲಗುವುದು.
ಬೆಳಗ್ಗೆ ಕಲ್ಲು ಎಳೆದು, ಎರಡನೇ ಗೇರು ಹಾಕಿ,
ಉರುಳಿ ಉರುಳಿ ಕ್ಲಚ್ ಬಿಟ್ಟಾಗ
ಲಾರಿ ಕೆಮ್ಮಿ ಎದ್ದರೆ ಆ ದಿನ ನನ್ನದು.

ಸಂಜೆಯ ಹಾರ್ನು ಊರೆಬ್ಬಿಸುವಂಥದ್ದು,
ಬೆಳಗ್ಗೆ ಬೆಕ್ಕಿನ ಮರಿ.
ಸೆಲ್ಫ್ ಹೊಡೆದರೆ ಟಕ್, ಅಷ್ಟೇ.

ಮೂರು ಜೊತೆ ಬ್ಯಾಟರಿ ಬದಲಿಸಿದೆ.
ಹಳೆಯವನ್ನು ಗುಜರಿಯವನು ತೂಕದ ಮೇಲೆ ಒಯ್ದ.
ಆಮೇಲೆ ಕ್ಲೀನರನ್ನು ಬದಲಿಸಿದೆ.
ಪಿಳ್ಳಪ್ಪ, ಹತ್ತೊಂಬತ್ತು ವರ್ಷ.
ರಾತ್ರಿಯೆಲ್ಲ ಕ್ಯಾಬಿನ್ ಲೈಟು ಉರಿಸ್ತೀಯ, ಹಾಡು ಹಾಕ್ತೀಯ,
ಕರೆಂಟು ನಿಮ್ಮಪ್ಪ ತುಂಬ್ತಾನೇನೋ, ಅಂದೆ.
ಇಲ್ಲಣ್ಣ, ಅಂದ. ಎರಡನೇ ಸಲ ಅನ್ನಲಿಲ್ಲ.
ಕಂಬಳಿ ಸುತ್ತಿಕೊಂಡು ತಾಯಲೂರು ಕ್ರಾಸಿನಲ್ಲಿ ಇಳಿದ.

ಬೈಪಾಸಿನ ಪ್ಯಾರೇಜಾನ್ ಬಳಿಗೆ ಹೋದದ್ದು ತಡವಾಗಿ.
ಟರ್ಮಿನಲ್ಲು ಹಸಿರು ಹೂ ಬಿಟ್ಟಿತ್ತು,
ಬಿಸಿನೀರು ಹುಯ್ದು ಉಜ್ಜಿದರು.
ಗಾಜಿನ ಕೊಳವೆಗೆ ಆಸಿಡ್ ಹೀರಿ, ತೇಲುವ ಕಡ್ಡಿ ನೋಡಿ,
'ಇದು ನಿಯತ್ತಿನ ಬ್ಯಾಟರಿ' ಅಂದರು.
ನೆಗೆಟಿವ್ ವೈರು ಬಿಚ್ಚಿ ನಡುವೆ ಒಂದು ಬಲ್ಬು ಕೂರಿಸಿದರು.
'ಕೀ ನಿಮ್ಮ ಜೇಬಲ್ಲೇ ಇದೆ ತಾನೆ?'
ಇದೆ.
'ಮತ್ತೆ ಇದು ಯಾರ ಮನೆ ದೀಪ?'
ಬಲ್ಬಿನೊಳಗೆ ಒಂದು ಕೆಂಪು ಎಳೆ, ಬೀಡಿ ತುದಿಯಷ್ಟು.

ಹಾರ್ನಿನ ಫ್ಯೂಸು ಕಿತ್ತರು. ಉರಿಯುತ್ತಿತ್ತು.
ವೈಪರಿನದು ಕಿತ್ತರು.
ಕ್ಯಾಬಿನ್ ಲೈಟಿನದು ಕಿತ್ತರು. ಉರಿಯುತ್ತಿತ್ತು.
ಟೇಪಿನದು ಕಿತ್ತರು.
ಉರಿಯುತ್ತಲೇ ಇತ್ತು.
ನಾನು ರಸ್ತೆ ಕಡೆ ನೋಡಿದೆ,
ಯಾವುದೋ ಬಸ್ಸು ಬರುತ್ತಿದೆಯೇನೋ ಎಂಬಂತೆ.

ಎಲ್ಲ ಮೊದಲಿನಂತೆ ಜೋಡಿಸಿ,
'ರಾತ್ರಿ ಇಲ್ಲೇ ಬಿಡಿ. ಬೆಳಗ್ಗೆ ನಾನು ಬರೋವರೆಗೂ
ಕೀ ಮುಟ್ಟಬೇಡಿ' ಅಂದರು.

ಐದೂವರೆ. ಬಾನೆಟ್ಟಿನ ಮೇಲೆ ಮಂಜು,
ರೇಡಿಯೇಟರು ಸತ್ತಷ್ಟು ತಣ್ಣಗೆ.
ನಮಾಜು ಮುಗಿಸಿ ಬಂದವರು ಮಾತಾಡದೆ ನನ್ನ ಕೈ ಹಿಡಿದು
ಡೈನಮೋ ಮೇಲೆ ಇಟ್ಟರು.
ಬೆಚ್ಚಗಿತ್ತು.
ಹಸುವಿನ ಕೆಚ್ಚಲಿನ ಹಾಗೆ ಬೆಚ್ಚಗೆ,
ರಾತ್ರಿಯಿಡೀ ಯಾರೂ ಓಡಿಸದ ಲಾರಿಯಲ್ಲಿ.
'ಒಳಗೆ ಡಯೋಡ್ ಸತ್ತಿದೆ.
ಹಗಲು ತುಂಬೋನೇ ರಾತ್ರಿ ಕುಡೀತಾನೆ.'
ಕೈ ತೆಗೆಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.

ಸಾಮಾನು, ಕೂಲಿ ಸೇರಿ ಒಂದು ಟೈರಿನ ಕಾಲು ಭಾಗವೂ ಇಲ್ಲ.

ಈಗಲೂ ಕತ್ತಲಾದರೆ ಸ್ಟೇರಿಂಗು ತಾನಾಗಿ
ಇಳಿಕೆಯ ಕಡೆಗೆ ವಾಲುತ್ತೆ.
ಮೊನ್ನೆ ವಡ್ಡಹಳ್ಳಿಯಲ್ಲಿ ಮೊದಲ ಸಲ ಇಂಜಿನ್ ಆರಿಸಿದೆ.
ಆ ಮಂಡಿಯಲ್ಲಿ ಇಷ್ಟು ಜನ ಮಾತಾಡುತ್ತಾರೆಂದು
ನನಗೆ ಗೊತ್ತೇ ಇರಲಿಲ್ಲ.
ಪಕ್ಕದ ಲಾರಿಗೆ ಕ್ರೇಟು ಹೊರುತ್ತಿದ್ದ, ಪಿಳ್ಳಪ್ಪ.
ಮೀಸೆ ಬಂದಿದೆ.
ಏನು ಹೇಳಬೇಕೋ ಬಾಯಿಗೆ ಬರಲಿಲ್ಲ.
ಸೆಲ್ಫ್ ಹೊಡೆದೆ. ಒಂದೇ ಏಟಿಗೆ ಎದ್ದಿತು.
ಕ್ರೇಟು ತಲೆ ಮೇಲಿದ್ದಂತೆಯೇ ನಿಂತು ನೋಡಿದ,
ನನ್ನನ್ನಲ್ಲ,
ಬಾನೆಟ್ಟನ್ನು.