ಎಡದ ಸಾಲು

ಸೊಹಾರ್ ಬಂದರಿನ ಬೆನ್ನಿಗೆ, ಮೀನಿನ ಶೀತಲಗೃಹದಲ್ಲಿ
ಸರ್ವರಿಗೊಂದು ಕೋಣೆಯಿದೆ, ಹದಿನೆಂಟು ಡಿಗ್ರಿ, ಹಗಲೂ ರಾತ್ರಿ.
ನಮಗೆ ಆರು ಮಂದಿಗೆ ಒಂದು.
ಹೊರಗೆ ನಡುರಾತ್ರಿ ಎರಡಕ್ಕೂ ಮೂವತ್ತಾರು;
ಬಾಗಿಲು ತೆಗೆದರೆ ಕನ್ನಡಕಕ್ಕೆ ಹಬೆ ಕೂರುತ್ತದೆ,
ಇಡ್ಲಿ ಪಾತ್ರೆಯ ಮುಚ್ಚಳ ಎತ್ತಿದ ಹಾಗೆ.

ಒಂಬತ್ತು ವರ್ಷದ ಯುನಿಕ್ಸನ್ನು ಇವತ್ತು ಹೊಸದು ಮಾಡಬೇಕು.
ದೋಣಿ ನೀರಲ್ಲಿರುವಾಗಲೇ ಹಲಗೆ ಬದಲಿಸಿದಂತೆ
ಎಂದು ಗಂಗೊಳ್ಳಿಯ ಬೋಟು ಮೇಸ್ತ್ರಿಗೆ ಫೋನಿನಲ್ಲಿ ಹೇಳಿದ್ದೆ.
‘ಅದ್ಯಾವ ಮರ್ಲ ಹಾಂಗ್ ಮಾಡ್ತ ಮಾರಾಯಾ’ ಎಂದ.

ಕರ್ನಲ್ ಮಲಗಿತು, ಎದ್ದಿತು, ಹೊಸ ಹೆಸರು ಹೇಳಿಕೊಂಡಿತು.
ಅದು ಸುಲಭದ್ದು.
ಆಮೇಲೆ ಪರದೆ ಎರಡಾಗಿ ಸೀಳಿ
ಕಾನ್ಫಿಗ್ ಕಡತಗಳ ಸಾಲು ಸಾಲಿಗೂ ನಿಂತು ಕೇಳುತ್ತದೆ:
ಎಡವೋ, ಬಲವೋ?
ಎಡಕ್ಕೆ ನಮ್ಮದು, ಕೈಯಾಡಿಸಿದ್ದು, ತೇಪೆ ಹಾಕಿದ್ದು.
ಬಲಕ್ಕೆ ಈಗಷ್ಟೇ ಇಸ್ತ್ರಿಯಿಂದ ಬಂದದ್ದು.

ಪ್ರಿಂಟರಿನದು ಬಲ.
ಅಂಚೆಯದೂ ಬಲ, ಆ ಕಂಪನಿಯೇ ಮುಚ್ಚಿದೆ.
ಗಡಿಯಾರದ್ದು ಎಡ, ಮಸ್ಕತ್ತಿನ ಹೊತ್ತು;
ಬಲದವರು ಭೂಮಿಯೆಲ್ಲ ಲಂಡನ್ ಅಂದುಕೊಂಡಿದ್ದಾರೆ.
ಇನ್ನೊಂದರ ಮೇಲೆ, ಹ್ಯಾಶ್ ಗುರುತಿನ ಹಿಂದೆ, ಬಾಬಿಕರನ ದನಿ.
ಪೋರ್ಟ್ ಸುಡಾನಿನವ, ನನಗಿಂತ ಇಬ್ಬರು ಮುಂಚೆ:
‘ಇದನ್ನು ಮುಟ್ಟಬೇಡ. ನಾನು ಮುಟ್ಟಿ ನೋಡಿದ್ದೇನೆ.’
ಯಾಕೆಂದು ಬರೆದಿಲ್ಲ.

ಕ್ರಾನ್ ಕಡತದಲ್ಲಿ ಒಂದು ಆಜ್ಞೆ:
ಬುಧವಾರ ರಾತ್ರಿ ಹತ್ತಕ್ಕೆ ವಾರದ ಲೆಕ್ಕ ಮುಗಿಸು, ನಾಳೆ ರಜೆ.
ಗುರುವಾರ ರಜೆಯಿದ್ದ ದೇಶ ಅದು.
ವಾರದ ಬೆನ್ನೆಲುಬನ್ನು ಒಂದು ದಿನ ಆಚೆ ಸರಿಸಿ ಎಷ್ಟೋ ವರ್ಷವಾಯಿತು;
ಮೂರು ಯಂತ್ರ ಸತ್ತವು, ಕಡತ ಮಾತ್ರ ದಾಟಿ ಬಂತು,
ಪ್ರತಿ ಬುಧವಾರ ಲೆಕ್ಕ ಮುಗಿಸಿ, ಪೆಟ್ಟಿಗೆ ಕಟ್ಟಿ,
ಯಾರೂ ಕೊಡದ ರಜೆಗೆ ತಯಾರಾಗುತ್ತ.
ಎಡವೂ ಸುಳ್ಳು, ಬಲದಲ್ಲಿ ಅದು ಇಲ್ಲವೇ ಇಲ್ಲ.
ಕೈಯಾರೆ ತಿದ್ದಿದೆ: ಗುರುವಾರ.

ಮೂರೂಕಾಲಿಗೆ ಹೆಸರುಗಳ ಕಡತ ಬಂತು.
ಬಲದಲ್ಲಿ ರೂಟ್ ಇದ್ದಾನೆ, ಡೀಮನ್ ಇದ್ದಾನೆ,
ನೋಬಡಿ ಎಂದು ಒಬ್ಬ; ಯಾರೂ ಅಲ್ಲದವನಿಗೂ
ಒಂದು ಸಾಲು, ಒಂದು ಸಂಖ್ಯೆ.
ನಾವಿಲ್ಲ.
ಸಿಟ್ಟೇನಿಲ್ಲ ಅವರಿಗೆ. ನಾವು ಗೊತ್ತಿಲ್ಲ, ಅಷ್ಟೆ.
ಎಡದಲ್ಲಿ ಬಾಬಿಕರ್.
ಲೆಕ್ಕದ ಶಮ್ಸಾ, ಮದುವೆಯಾಗಿ ನಿಜ್ವಾಕ್ಕೆ ಹೋದವಳು.
ರೊಡೆಲ್, ಕೀಲಿಮಣೆಯ ಸಂದಿಯಲ್ಲಿ ಅಗುಳು ಬಿಟ್ಟುಹೋದವ.
ಕೊನೆಗೆ ಖಾರ್ವಿ, ಸಾವಿರದ ಏಳನೆಯವ, ನಾನು.

ಬಲ ಬಲ ಎಂದು ಓಡಿಬಂದ ಬೆರಳು
ಅಲ್ಲೂ ಬಲವನ್ನೇ ಒತ್ತಿದ್ದರೆ
ಬೆಳಿಗ್ಗೆ ನಮ್ಮಲ್ಲಿ ಯಾರಿಗೂ ಬಾಗಿಲು ತೆರೆಯದು,
ಅಳಿಸಿದ್ದು ನಾನೇ ಎಂದು ಒಪ್ಪಿಕೊಳ್ಳಲು
ಒಳಗೆ ಹೋಗಲು ನನಗೂ.

ವೀಸಾ ಓಡಾಟದ ಮಂದೂಬ್ ಹಮದಾನನ ಮೇಜಿನಲ್ಲೂ
ಇಂಥದೇ ಒಂದು ಪಟ್ಟಿ.
ರೊಡೆಲ್ ಅದರಲ್ಲಿ ಸೋಮವಾರ ಊಟದ ತನಕ ಇದ್ದ.
ಅಲ್ಲಿ ಎಡವೋ ಬಲವೋ ಎಂದು
ನಮ್ಮನ್ನು ಕೇಳುವ ಪದ್ಧತಿಯಿಲ್ಲ.

ಎಡ. ಎಡ. ಎಡ. ಎಡ.
ಹೋದವರ ಖಾತೆ ಇಡಬಾರದೆಂದು ನಿಯಮ.
ಬೀಗ ಹಾಕಿದೆ, ಇನ್ನವರು ಒಳಗೆ ಬರಲಾರರು.
ಹೆಸರು ತೆಗೆಯಲಿಲ್ಲ.
ಅವರು ಬರೆದಿಟ್ಟದ್ದು ಯಾರದೆಂದು ನಾಳೆ ಯಾರಾದರೂ ಕೇಳಿದರೆ
ಯಂತ್ರ ಬರೀ ಅಂಕಿ ಹೇಳಬಾರದಲ್ಲ.

ಐದಕ್ಕೆ ಮೊದಲು ಎಲ್ಲ ಮುಗಿಯಿತು. ಹೊರಗೆ ಲಾರಿಗಳು ಬಂದಿದ್ದವು.
ಹೊರಡುವ ಮುಂಚೆ, ಸುಮ್ಮನೆ,
ಬಾಬಿಕರ್ ಬೇಡವೆಂದ ಆ ಸಾಲನ್ನು ಮುಟ್ಟಿದೆ.
ನಾಲ್ಕನೇ ಕೋಣೆ ಬೊಬ್ಬೆ ಹಾಕಿತು,
ಎರಡು ಟನ್ ಅಂಜಲ್ ಇದ್ದ ಕೋಣೆ.
ನಡುಗುವ ಕೈಯಲ್ಲಿ ಇದ್ದಲ್ಲೇ ಇಟ್ಟೆ.
ಅವನ ಮಾತಿನ ಕೆಳಗೆ ಇನ್ನೊಂದು ಹ್ಯಾಶ್ ಹಾಕಿ
ಬರೆದೆ: ನಾನೂ.